ಗೋಡೆಯ ಮೇಲಿಲ್ಲದವರು

ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ, ಕಟಿಂಗ್ ಮೆಷಿನ್ನಿನ ಹಿಂದೆ, ಒಂದು ಗೋಡೆಯಿದೆ. ನಿವೃತ್ತರಾದ ಮೇಲೆ ತೀರಿಕೊಂಡ ನಮ್ಮವರ ಫೋಟೊಗಳನ್ನು ಅಲ್ಲಿ ತೂಗುಹಾಕುತ್ತಾರೆ. ಪ್ರತಿ ಫೋಟೊದ ಕೆಳಗೂ ಎರಡೇ ತಾರೀಖು: ಕೆಲಸ ಬಿಟ್ಟ ದಿನ, ಲೋಕ ಬಿಟ್ಟ ದಿನ. ನಾನು ಮೂವತ್ತಾರು ವರ್ಷ ಆ ಗೋಡೆಯ ಮುಂದೆಯೇ ನಿಂತು ಪುಸ್ತಕಗಳ ಅಂಚು ಕತ್ತರಿಸಿದವನು. ಅಲ್ಲಿನ ಇಪ್ಪತ್ತಮೂರು ಜನರ ತಾರೀಖುಗಳೂ ನನಗೆ ಬಾಯಿಪಾಠವಾಗಿದ್ದವು. ಎರಡು ವರ್ಷ, ನಾಲ್ಕು ವರ್ಷ, ಹನ್ನೊಂದು ತಿಂಗಳು. ಐದು ವರ್ಷ ದಾಟಿದವರು ಇಬ್ಬರೇ.

ಹಾಗಾಗಿ ನಮಗ್ಯಾರಿಗೂ ಅನುಮಾನವೇ ಇರಲಿಲ್ಲ. ಅಂಟಿನ ವಾಸನೆ, ಕಾಗದದ ಧೂಳು ಕುಡಿದ ಜೀವ, ಮನೆಗೆ ಹೋದ ಮೇಲೆ ಹೆಚ್ಚೆಂದರೆ ಐದು ವರ್ಷ ಎಳೆಯುತ್ತದೆ. ನಿವೃತ್ತಿಯ ಫಾರಂನಲ್ಲಿ ಎರಡು ಚೌಕಗಳಿರುತ್ತವೆ. ಮೊದಲನೆಯದಕ್ಕೆ ಗುರುತು ಹಾಕಿದರೆ ಕೂಡಿಟ್ಟ ಹಣವೆಲ್ಲ ಇಡಿಗಂಟಾಗಿ ಬರುತ್ತದೆ. ಎರಡನೆಯದಕ್ಕೆ ಹಾಕಿದರೆ ಬದುಕಿರುವಷ್ಟು ಕಾಲ ತಿಂಗಳು ತಿಂಗಳು ಬರುತ್ತದೆ. ನಮ್ಮ ವಿಭಾಗದಲ್ಲಿ ಎರಡನೆಯ ಚೌಕವನ್ನು ಮುಟ್ಟಿದವನನ್ನು ನಾನು ಕಂಡಿರಲಿಲ್ಲ. ಇಂದೋ ನಾಳೆಯೋ ಹೋಗುವವರು ನಮ್ಮ ದುಡ್ಡನ್ನು ಕಂಪನಿಗೆ ಯಾಕೆ ಬಿಟ್ಟು ಹೋಗಬೇಕು ಎನ್ನುವುದು ನಮ್ಮ ಜಾಣತನ.

ನನ್ನ ಇಡಿಗಂಟಿಗೆ ಆಗಲೇ ಗಿರಾಕಿಯೂ ಇದ್ದ, ನನ್ನ ಹೆಂಡತಿಯ ತಮ್ಮ. ಕುರ್ಚಿ ಮೇಜು ಬಾಡಿಗೆಗೆ ಕೊಡುವ ಅಂಗಡಿ ಹಾಕುವ ಹುಮ್ಮಸ್ಸಿನಲ್ಲಿದ್ದ. "ಭಾವ, ದುಡ್ಡು ನಿಮ್ದು, ಓಡಾಟ ನಂದು. ಲಾಭ ಸಮ ಸಮ," ಎಂದು ವಾರಕ್ಕೊಮ್ಮೆ ಬಂದು ಹೇಳಿ ಹೋಗುತ್ತಿದ್ದ. ನಾನು ಹೂಂ ಎಂದುಬಿಟ್ಟಿದ್ದೆ. ನನ್ನ ಹೆಂಡತಿ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಆಫೀಸಿನಿಂದ ಅಪ್ಪಣೆಯಾಯಿತು. ವಯಸ್ಸಾದವರೆಲ್ಲ ಬುಧವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಣದ ಪಾಠಕ್ಕೆ ಕೂರಬೇಕಂತೆ, ನಾಲ್ಕು ವಾರ.

"ಈ ವಯಸ್ಸಲ್ಲಿ ನನಗೆ ಮಗ್ಗಿ ಕಲಿಸ್ತಾರಂತೆ," ಎಂದು ಗೊಣಗಿದೆ. ಟೀ ಬಿಸ್ಕತ್ತು ಪುಕ್ಕಟೆ ಎಂದು ತಿಳಿದ ಮೇಲೆ ಹೋದೆ.

ಪಾಠ ಹೇಳುವವಳು ನನ್ನ ಮಗಳ ವಯಸ್ಸಿನವಳು. ಅರ್ಧ ಗಂಟೆಯೊಳಗೆ ಅವಳಿಗೆ ನಾವು ಬಿಸ್ಕತ್ತು ಮೇಡಂ ಎಂದು ಹೆಸರಿಟ್ಟಾಗಿತ್ತು. ಮನೆಯ ತಿಂಗಳ ಖರ್ಚು ಎಷ್ಟು, ಬರೆದು ತನ್ನಿ ಎಂದಳು. ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡದೆ, ಸೋಪಿನ ಬೆಲೆಯೂ ಸೇರಿದಂತೆ ಪಟಪಟನೆ ಹೇಳಿದಳು. ಮುಂದಿನ ಬುಧವಾರ ಮೇಡಂ ನನ್ನ ಇಡಿಗಂಟನ್ನು ಆ ಖರ್ಚಿನಿಂದ ಭಾಗಿಸಲು ಹೇಳಿದಳು. ತೊಂಬತ್ತು ತಿಂಗಳು ಬಂತು.

"ಏಳೂವರೆ ವರ್ಷ ಮೇಡಂ," ಎಂದೆ, ಎದೆಯುಬ್ಬಿಸಿ. "ನಾನಿರೋದು ಐದೇ ವರ್ಷ. ಎರಡೂವರೆ ವರ್ಷದ ದುಡ್ಡು ಮಿಗುತ್ತೆ. ಅದ್ರಲ್ಲಿ ಕುರ್ಚಿ ಅಂಗಡಿ ಹಾಕ್ತೀನಿ."

ಕ್ಯಾಂಟೀನೆಲ್ಲ ಗೊಳ್ಳೆಂದಿತು. ಅವಳು ನಗಲಿಲ್ಲ. "ಐದು ವರ್ಷ ಅಂತ ಯಾರು ಹೇಳಿದ್ದು ಸಾರ್?"

ಪಾಠ ಮುಗಿದದ್ದೇ ಅವಳನ್ನು ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ. ಒಂದೊಂದೇ ತಾರೀಖು ಓದುತ್ತ ಬಹಳ ಹೊತ್ತು ನಿಂತಳು.

"ಬದುಕಿರೋರ ಫೋಟೊ ಎಲ್ಲಿವೆ?" ಎಂದು ಕೇಳಿದಳು.

"ಬದುಕಿರೋರದ್ದು ಯಾಕಮ್ಮ ತೂಗುಹಾಕ್ತಾರೆ?" ರೇಗಿತು ನನಗೆ.

"ಅದನ್ನೇ ಕೇಳ್ತಿದ್ದೀನಿ ಸಾರ್. ಇಲ್ಲಿಂದ ನಿವೃತ್ತರಾದವರು ಒಟ್ಟು ಎಷ್ಟು ಜನ? ಈ ಗೋಡೆ ಮೇಲೆ ಇಲ್ಲದವರು ಏನಾದ್ರು? ಮುಂದಿನ ಸಲ ಬರೋವಾಗ ಆ ಪಟ್ಟಿ ತನ್ನಿ."

ನನ್ನ ಸಾವಿನ ಲೆಕ್ಕ ಕೇಳಲು ಇವಳ್ಯಾರು ಎಂದು ಮೈಯೆಲ್ಲ ಉರಿಯಿತು. ಅವಳ ಬಾಯಿ ಮುಚ್ಚಿಸಲೆಂದೇ ಮಾರನೆಯ ದಿನ ಆಫೀಸಿನ ಗುಮಾಸ್ತನ ತಲೆ ತಿಂದು ಹಳೆಯ ರಿಜಿಸ್ಟರ್ ತೆಗೆಸಿದೆ. ಅರವತ್ತೊಂದು ಹೆಸರು. ಗೋಡೆಯ ಮೇಲಿದ್ದವರು ಇಪ್ಪತ್ತಮೂರು. ಉಳಿದ ಮೂವತ್ತೆಂಟು ಜನ ಗೇಟು ದಾಟಿದ್ದೇ ನಮ್ಮ ತಲೆಯಿಂದಲೂ ದಾಟಿಹೋಗಿದ್ದರು.

ವಾರವಿಡೀ ಕೆಲಸ ಮುಗಿಸಿ, ಭಾನುವಾರ ಬೆಳಗಿನಿಂದ ಸಂಜೆಯವರೆಗೆ, ಬಸ್ಸು ಹತ್ತಿ ಇಳಿದು ಹುಡುಕಿದೆ. ದಾರದ ಹೊಲಿಗೆಯವನೊಬ್ಬ ಎಪ್ಪತ್ತೊಂಬತ್ತಕ್ಕೆ ಪಾರಿವಾಳ ಸಾಕಿಕೊಂಡು ಮಹಡಿಯ ಮೇಲಿದ್ದ. ರಟ್ಟು ಅಂಟಿಸುತ್ತಿದ್ದವನು ಮೂರನೆಯ ಸಲ ಮದುವೆಯಾಗಿದ್ದ. ಏಳು ಜನ ತೀರಿಕೊಂಡಿದ್ದರು, ಆದರೆ ಎಂಬತ್ತರ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಪ್ರೆಸ್ಸಿನಲ್ಲಿ ಅವರ ಗುರುತಿದ್ದವರೇ ಉಳಿದಿರಲಿಲ್ಲ, ಹಾಗಾಗಿ ಗೋಡೆಗೆ ಸುದ್ದಿ ಮುಟ್ಟಿರಲಿಲ್ಲ. ಮೂವತ್ತೊಂದು ಜನ ಕಲ್ಲುಗುಂಡಿನ ಹಾಗಿದ್ದರು.

ಕೊನೆಯ ಹೆಸರು ಮೂಲೆಮಟ್ಟನದು. ನನಗೆ ಕೆಲಸ ಕಲಿಸಿದ ಫೋರ್‌ಮನ್. ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟದ ಹಾಗೆ, ಕಾಗದ ಒಂದು ಕೂದಲೆಳೆ ಓರೆಯಾದರೂ ಹಿಡಿಯುತ್ತಿದ್ದರಿಂದ ಆ ಹೆಸರು. ಎಂಬತ್ತೆಂಟು ವಯಸ್ಸು. ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಡಜನ್ನಿಗೆ ಇಷ್ಟು ಎಂದು ಶಾಲೆಯ ನೋಟ್‌ಬುಕ್ಕುಗಳನ್ನು ಹೊಲಿಯುತ್ತಿದ್ದ.

"ಈಗ ಬಂದ್ಯೇನೋ?" ಎಂದ.

"ನೀವು ಹೋಗ್ಬಿಟ್ಟಿದ್ದೀರಿ ಅಂದ್ಕೊಂಡಿದ್ದೆ ಗುರುಗಳೇ."

"ಗೋಡೆ ಮೇಲೆ ನೋಡಿದ್ಯಾ ನನ್ನನ್ನ?"

"ಇಲ್ಲ."

"ಮತ್ತೆ?" ಎಂದು ನಕ್ಕ. ಆಮೇಲೆ ಸೂಜಿ ಪಕ್ಕಕ್ಕಿಟ್ಟ. "ಅರವತ್ತೈದಕ್ಕೆ ಸಾಯ್ತೀನಿ ಅಂತ ಲೆಕ್ಕ ಹಾಕಿದ್ದೆ ಕಣೋ. ಇಡಿಗಂಟು ತಗೊಂಡೆ, ಮನೆ ಮೇಲೊಂದು ಮಹಡಿ ಎಬ್ಬಿಸಿದೆ, ಊರೂರು ಸುತ್ತಿದೆ. ಅರವತ್ತೆಂಟಕ್ಕೆ ದುಡ್ಡು ಮುಗೀತು. ನಾನು ಮುಗೀಲಿಲ್ಲ. ಮಹಡಿ ಸಮೇತ ಮನೆ ಮಾರಿದೆ. ಮಗಳು ಇಪ್ಪತ್ತು ವರ್ಷದಿಂದ ನೋಡ್ಕೊಳ್ತಿದ್ದಾಳೆ, ಒಂದು ಮಾತು ಅಂದಿಲ್ಲ. ಅವಳು ಅನ್ನೋದಿಲ್ಲವಲ್ಲ, ಅದನ್ನೇ ನನಗೆ ತಡ್ಕೊಳ್ಳೋಕಾಗಲ್ಲ."

ಇಷ್ಟು ಕರಾರುವಾಕ್ಕಾದ ಮನುಷ್ಯ ಬದುಕಿನಲ್ಲಿ ಒಂದೇ ಅಳತೆ ತಪ್ಪಿದ್ದ, ಅದೇ ಅಳತೆಯನ್ನು ನಾನೂ ಹಿಡಿದು ಕೂತಿದ್ದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಎರಡನೆಯ ಚೌಕದ ಕೆಳಗೆ ಇನ್ನೊಂದು ಪುಟ್ಟ ಚೌಕವಿದೆ, ಅದಕ್ಕೂ ಗುರುತು ಹಾಕಿದರೆ ತಿಂಗಳ ಹಣ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನಾನು ಹೋದ ಮೇಲೂ ಅವಳಿರುವವರೆಗೆ ಬರುತ್ತದೆ ಎಂದು ಮೇಡಂ ತಿಳಿಸಿದ್ದನ್ನೂ ಹೇಳಿದೆ.

ಅವಳು ಆಗ ಬಾಯಿಬಿಟ್ಟಳು. "ನಾಲ್ಕು ತಿಂಗಳಿಂದ ಒಂದೇ ಯೋಚನೆ ನನಗೆ. ನೀವು ಐದು ವರ್ಷ ಐದು ವರ್ಷ ಅಂತೀರಿ. ನೀವೇನೋ ಗೋಡೆ ಹತ್ತಿ ಕೂತ್ಕೋತೀರಿ. ಆಮೇಲೆ ನಾನೆಲ್ಲಿಗೆ ಹೋಗ್ಲಿ?"

ಮೂವತ್ತಮೂರು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳ ಎದುರಿಗೇ ಫಾರಂ ಬಿಚ್ಚಿ ಎರಡನೆಯ ಚೌಕಕ್ಕೂ ಪುಟ್ಟ ಚೌಕಕ್ಕೂ, ಪೆನ್ನು ಕಾಗದ ತೂತಾಗುವಷ್ಟು ಒತ್ತಿ, ಗುರುತು ಹಾಕಿದೆ.

ಭಾವಮೈದ ಹಾರಾಡಿದ. "ಮಾತು ಕೊಟ್ಟು ತಪ್ಪಿಸ್ಕೋತೀರಾ ಭಾವ?"

"ತಪ್ಪಿಸ್ಕೋತೀನಪ್ಪ," ಎಂದೆ. "ನಿನ್ನ ಅಕ್ಕನ ಮುಪ್ಪಿನ ಊಟ ಅದು. ಕುರ್ಚಿ ಮೇಲೆ ಹಾಕೋಕಾಗಲ್ಲ."

ಆರು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ ಅಂಗಡಿ ಹಾಕಿದ. ಅದು ಮುಳುಗಲಿಲ್ಲ, ಚೆನ್ನಾಗಿಯೇ ನಡೆಯುತ್ತಿದೆ. ಹಾಗೆಂದು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಯುರಿ.

ಕೊನೆಯ ಬುಧವಾರ ಕ್ಯಾಂಟೀನಿನಲ್ಲಿ ಎದ್ದು ನಿಂತು ಮೂವತ್ತೊಂದು ಹೆಸರುಗಳನ್ನೂ ವಯಸ್ಸುಗಳನ್ನೂ ಗಟ್ಟಿಯಾಗಿ ಓದಿದೆ. ಅಂದು ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಆ ವರ್ಷ ನಮ್ಮ ವಿಭಾಗದಲ್ಲಿ ನಿವೃತ್ತರಾದವರು ಐದು ಜನ, ಐವರೂ ಎರಡನೆಯ ಚೌಕಕ್ಕೇ ಗುರುತು ಹಾಕಿದರು.

ನಿವೃತ್ತಿಯ ದಿನ ನಾನು ಕೇಳಿದ್ದು ಒಂದೇ ಉಡುಗೊರೆ. ಎದುರು ಗೋಡೆಯನ್ನು ಬದುಕಿರುವವರಿಗೆ ಬಿಡಿ ಎಂದೆ, ಬಿಟ್ಟರು. ಮೂವತ್ತೊಂದು ಫೋಟೊ ಏರಿದವು, ಮೂಲೆಮಟ್ಟನದು ಮೊದಲು. ಮಗಳ ಕೈ ಹಿಡಿದು ಬಂದ ಮುದುಕ ಮೊಳೆ ಹೊಡೆಯುವವನನ್ನು ತಡೆದು, "ಬಲಗಡೆ ಒಂದು ನೂಲು ಇಳಿದಿದೆ," ಎಂದ. ಅಳೆದು ನೋಡಿದರೆ ಸರಿಯಾಗಿ ಒಂದು ನೂಲು, ಅಂಗುಲದಲ್ಲಿ ಎಂಟನೆಯ ಒಂದು ಭಾಗ.

ತೊಂಬತ್ತೊಂದನೆಯ ತಿಂಗಳ ಹಣ ಬಂದ ದಿನ ನಾನೂ ಹೆಂಡತಿಯೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬ್ಯಾಂಕಿಗೆ ಹೋದೆವು. ಇಡಿಗಂಟು ತೆಗೆದುಕೊಂಡಿದ್ದರೆ ಅಂದಿಗೆ ನಮ್ಮ ಕೈ ಬರಿದಾಗಿರುತ್ತಿತ್ತು. ಗಾಜಿನ ಹಿಂದಿನ ಹುಡುಗಿ ನೋಟುಗಳನ್ನು ಕೊಟ್ಟಳು. ನನ್ನ ಹೆಂಡತಿ ಅವನ್ನು ಚೀಲಕ್ಕೆ ಹಾಕಿಕೊಂಡು ರಾಣಿಯ ಹಾಗೆ ಮೆಟ್ಟಿಲಿಳಿದಳು. ಮೊದಲು ಕೊಂಡದ್ದು ಒಂದು ಡಬ್ಬಿ ಬಿಸ್ಕತ್ತು. ಮೇಡಂ ವಿಳಾಸಕ್ಕೆ ಕಳಿಸಿದೆವು.

ಈಗ ನನಗೆ ಎಪ್ಪತ್ತನಾಲ್ಕು. ವರ್ಷಕ್ಕೊಮ್ಮೆ ಪ್ರೆಸ್ಸಿಗೆ ಹೋಗಿ ಎದುರು ಗೋಡೆಗೆ ನನ್ನ ಹೊಸ ಫೋಟೊ ತೆಗೆಸಿಕೊಡುತ್ತೇನೆ. ಹೊಸದಾಗಿ ಸೇರಿದವರು ಸುತ್ತ ನಿಂತು ನೋಡುತ್ತಾರೆ. ತಲೆಗೂದಲು ಅರ್ಧ ಹೋಗಿದೆ, ಹಲ್ಲು ಕಟ್ಟಿಸಿದ್ದು. ಆದರೆ ನನ್ನ ಫೋಟೊದ ಕೆಳಗೆ ಇನ್ನೂ ಒಂದೇ ತಾರೀಖಿದೆ.