ಹಸಿರೊಡೆದ ಮೊಸರು

ಬಟ್ಟಲಿನ ಮೊಸರು ಹಸಿರಾಗಿತ್ತು. ಹಿಂದಿನ ದಿನ ದುರ್ಗಾ ಅದರಲ್ಲಿ, ಅರೆಯುವ ಕಲ್ಲಿಗೆ ಅಂಟಿ ಉಳಿದಿದ್ದ ಒಂದು ಚಿಟಿಕೆ ತಾಮ್ರಭಸ್ಮ ಹಾಕಿಟ್ಟಿದ್ದಳು. ಭಸ್ಮ ಪಕ್ವವಾಗಿದ್ದರೆ ಮೊಸರು ಬೆಳ್ಳಗೇ ಉಳಿಯುತ್ತದೆ. ಹಸಿರೊಡೆದರೆ ಒಳಗೆ ಹಸಿ ತಾಮ್ರವಿದೆ, ಹೊಟ್ಟೆಗೆ ಹೋದರೆ ವಿಷ.

ಲಕ್ಷ್ಮೇಶ್ವರದ ಆ ಓಣಿಯಲ್ಲಿ ಅವಳ ಗಂಡ ಕಳಕೇಶನದು ತಲೆಮಾರುಗಳಿಂದ ಔಷಧದ ಮನೆ. ಹೆಸರು ಗಂಡಸರದು. ತಾಮ್ರದ ತಗಡನ್ನು ಕೆಂಪಗೆ ಕಾಸಿ ಎಣ್ಣೆಗೆ, ಮಜ್ಜಿಗೆಗೆ, ಗೋಮೂತ್ರಕ್ಕೆ, ಕಡೆಗೆ ಹುರಳಿ ಬೇಯಿಸಿ ಬಸಿದ ಕಟ್ಟಿಗೆ ಮತ್ತೆ ಮತ್ತೆ ಅದ್ದಿ ತೆಗೆಯುವ ಕೆಲಸ ದುರ್ಗಾಳದು. ಮೊಣಕೈವರೆಗೂ ಸಿಡಿದ ಕಲೆಗಳಿದ್ದವು. ಅದ್ದಿದಷ್ಟೂ ತಾಮ್ರದ ದೋಷ ಇಳಿಯುತ್ತದೆ ಅನ್ನುತ್ತಿದ್ದ ಮಾವ ತೀರಿಹೋಗಿದ್ದ. ಆಮೇಲೆ ಅದನ್ನು ಅರೆದು, ಬಿಲ್ಲೆ ತಟ್ಟಿ, ಸಗಣಿ ಕುಳ್ಳಿನ ಬೆಂಕಿಗಿಡುವವನು ಕಳಕೇಶ.

ಮುಟ್ಟಾದ ಹೆಂಗಸಿನ ನೆರಳು ಮಾತ್ರ ಔಷಧದ ಮೇಲೆ ಬೀಳಬಾರದು. ಈ ಸಲ ತಗಡು ಕಾಸುವ ಹೊತ್ತಿಗೆ ದುರ್ಗಾ ಹಿತ್ತಲ ಕೋಣೆ ಸೇರಿದ್ದಳು. ಅವಳ ಕೆಲಸವನ್ನೂ ಕಳಕೇಶನೇ ಮಾಡಿ ಭಸ್ಮ ಮುಗಿಸಿದ. ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಾಗ ಹುರಳಿ ಕಟ್ಟಿನ ಗಡಿಗೆ ತುಂಬಿದ್ದು ತುಂಬಿದ ಹಾಗೆಯೇ ಬೂಸರು ಹಿಡಿದು ನಿಂತಿತ್ತು.

ಬಟ್ಟಲನ್ನು ಗಂಡನ ಮುಂದಿಟ್ಟಳು. "ನೋಡ್ರಿ. ನೀವು ಹುರಳಿ ಕಟ್ಟಿನ್ಯಾಗ ಅದ್ದೇ ಇಲ್ಲ."

"ಎಣ್ಣ್ಯಾಗ ಅದ್ದೀನಿ, ಸಾಕು. ಉಳಿದದ್ದು ಬೆಂಕಿ ಸುಡತೈತಿ."

"ಸುಟ್ಟಿದ್ರ ಮೊಸರು ಹಿಂಗ್ಯಾಕ ಆಕ್ಕಿತ್ತು?"

"ನಿನ್ನ ಮೊಸರು ಹುಳಿ ಬಂದೈತಿ." ಕಳಕೇಶ ನಕ್ಕ. "ಅವ್ವಾ, ಕೇಳಿದೇನು? ಮಜ್ಜಿಗಿ ಕಡಿಯಾಕಿ ನನಗ ಔಷಧ ಕಲಿಸಾಕ ಬಂದಾಳ."

ಅತ್ತೆ ತಿಪ್ಪವ್ವ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಾನೂ ಈ ಮನ್ಯಾಗ ಇಷ್ಟು ವರ್ಷ ಬಾಳೇವು ಮಾಡೀನಿ. ಒಂದು ದಿನಾನೂ ಬಾಯಿ ತಗದಿಲ್ಲವಾ."

ಅಷ್ಟರಲ್ಲಿ ಕೊರ್ಲಹಳ್ಳಿಯಿಂದ ಸಾವಕ್ಕ ಮಗಳು ಪ್ರಿಯಾಂಕಾಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿತ್ತು. ಹೋದ ಸಲ ದುರ್ಗಾ ಕೊಟ್ಟ ರೊಟ್ಟಿಯ ನೆನಪಿಗೋ ಏನೋ, ಅವಳನ್ನು ಕಂಡು ಸಣ್ಣಗೆ ನಕ್ಕಳು. ಕಳಕೇಶ ಹೊಸ ಡಬ್ಬಿ ತೆಗೆದು ಪುಡಿ ಕಟ್ಟತೊಡಗಿದ.

"ಸಾವಕ್ಕ, ಇದನ್ನ ಒಯ್ಯಬ್ಯಾಡ," ಅಂದಳು ದುರ್ಗಾ. "ಇನ್ನಾ ಹಸಿ ಐತಿ. ವಾಂತಿ ಹಚ್ಚತೈತಿ. ಕೂಸು ಮೊದಲ ಸೊರಗೈತಿ. ಗದಗಿಗೆ ದೊಡ್ಡ ದವಾಖಾನಿಗೆ ಕರಕೊಂಡು ಹೋಗು."

ಸಾವಕ್ಕ ಕಳಕೇಶನ ಮುಖ ನೋಡಿದಳು.

"ನನ್ನ ಮ್ಯಾಲಿನ ಸಿಟ್ಟು ಔಷಧದ ಮ್ಯಾಲೆ ತೀರಸಾಕತ್ತಾಳ," ಅಂದ ಅವನು.

"ಹೋಗ್ಲಿ ಬಿಡವಾ ದುರ್ಗವ್ವ. ನಿಮ್ಮ ಗಂಡ-ಹೆಂಡರ ಜಗಳದಾಗ ನಮ್ಮ ಕೂಸಿನ ಔಷಧ ಯಾಕ?" ಸಾವಕ್ಕ ಪುಡಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

ದುರ್ಗಾ ಆ ಗಂಟನ್ನೇ ನೋಡಿದಳು. ಮೊಸರು ಹೇಳಿದ್ದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಮಾತು ಒಂದೇ ಇತ್ತು.

"ಸಾವಕ್ಕ, ಮುಟ್ಟಾದಾಗ ಆ ಡಬ್ಬಿ ಮುಟ್ಟೀನಿ ನಾನು."

ಅಡಕತ್ತರಿಯ ಸದ್ದು ನಿಂತಿತು. ಸಾವಕ್ಕ ಸರಸರ ಗಂಟು ಬಿಚ್ಚಿ ಪುಡಿಗಳನ್ನು ಹೊಸ್ತಿಲ ಮೇಲೆ ಹಾಕಿದಳು. ಮಗಳ ಕೈ ಹಿಡಿದು ದುರ್ಗಾಳಿಂದ ದೂರ ಎಳೆದಳು. ತಿಪ್ಪವ್ವ ತಾನೇ ಡಬ್ಬಿ ಒಯ್ದು ತಿಪ್ಪೆಗೆ ಸುರಿದು ಬಂದಳು.

ಭಸ್ಮ ಆದ ದಿನದಿಂದ ಡಬ್ಬಿಯ ಕಪಾಟಿನ ಕೀಲಿ ಕಳಕೇಶನ ಉಡದಾರದಲ್ಲೇ ಇತ್ತು. ಹೆಂಡತಿ ಸುಳ್ಳು ಹೇಳಿದಳೆಂದು ಅವನಿಗೆ ಗೊತ್ತಿತ್ತು. ಹುರಳಿ ಕಟ್ಟಿನ ಮಾತಿಗಿಂತ ಈ ಸುಳ್ಳು ಅವನಿಗೂ ಅನುಕೂಲವಾಗಿತ್ತು.

"ಹೆಂಗಸರ ತಪ್ಪಿಗೆ ನಾ ಏನ್ ಮಾಡ್ಲಿ ಸಾವಕ್ಕ," ಅಂದ. "ಮತ್ತ ಹೊಸದು ಮಾಡ್ತೀನಿ. ಅಕೀನ ಹತ್ರಾನೂ ಬಿಟ್ಟುಕೊಳ್ಳೂದಿಲ್ಲ."

"ಹಂಗ ಮಾಡ್ರಿ. ಆದ ಮ್ಯಾಲೆ ಖಬರ ಕಳಸ್ರಿ, ಬರ್ತೀವಿ."

"ಸಾವಕ್ಕ, ಗದಗಿಗೆ..." ಅಂದಳು ದುರ್ಗಾ. ಸಾವಕ್ಕ ತಿರುಗಲಿಲ್ಲ. ಪ್ರಿಯಾಂಕಾ ಒಮ್ಮೆ ತಿರುಗಿದಳು. ಈ ಸಲ ನಗಲಿಲ್ಲ.

ತಿಪ್ಪವ್ವ ಔಷಧದ ಕೋಣೆಗೆ ಬೀಗ ಹಾಕಿ ಹಸಿರು ಮೊಸರಿನ ಬಟ್ಟಲನ್ನು ಕಾಲಿನಿಂದ ಸೊಸೆಯ ಕಡೆ ಸರಿಸಿದಳು.

"ಇದನ್ನ ತೊಳದು ಹಿತ್ತಲದಾಗ ಇಟ್ಟುಕೋ. ಇನ್ನ ಔಷಧಕ್ಕ ಬ್ಯಾಡ."