ಅಕ್ಕನ ಬೀನ್ಸ್ ಬೀಜ

ಶಾಲೆಯ ಮಾಲಿಗೆ ಲಾನಿನ ಮೇಲೆ ಎಂದೂ ಮನಸ್ಸಿರಲಿಲ್ಲ. ಮಕ್ಕಳು ಕಾಲಿಡಬಾರದ ಹುಲ್ಲು ಶಾಲೆಗೆ ಯಾಕೆ ಬೇಕು? ಅವನ ಜೀವವೆಲ್ಲ ಹಿಂದಿನ ಗೋಡೆಯ ಪಕ್ಕ ಮಕ್ಕಳು ಮಾಡಿದ್ದ ತರಕಾರಿ ಪಾತಿಗಳಲ್ಲಿತ್ತು. ಈ ವರ್ಷ ಅವುಗಳಲ್ಲೊಂದು ಅವನ ಅಕ್ಕನ ಮಗಳದು.

ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ನಾಲ್ಕನೇ ಕ್ಲಾಸಿನ ಹುಡುಗಿ ಈಗ ಮಾವನ ಮನೆಯಲ್ಲೇ ಇದ್ದಳು. ಅಕ್ಕ ವರ್ಷವರ್ಷವೂ ಕಿಟಕಿಯ ಡಬ್ಬದಲ್ಲಿ ಬೆಳೆದು ಉಳಿಸಿಕೊಂಡು ಬಂದಿದ್ದ ಬೀನ್ಸ್ ಬೀಜ, ಮಾತ್ರೆಯ ಶೀಶೆಯೊಂದರಲ್ಲಿ ಒಂಬತ್ತೇ ಒಂಬತ್ತು ಇದ್ದವು.

"ನಾಲ್ಕು ಹಾಕ್ಲಾ ಮಾವ?"

"ಎಲ್ಲಾ ಹಾಕು. ನಾನೇನು ಸತ್ತೋಗಿದ್ದೀನಾ?" ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಒಂಬತ್ತೂ ಮೊಳೆತವು. ಬಳ್ಳಿ ಮೊಣಕಾಲುದ್ದ ಬಂದಾಗ ಶಾಲೆಯ ಮ್ಯಾನೇಜರ್ ಬಂದ. ಅಂಗಿಯಲ್ಲಾಗಲಿ ಲಾನಿನಲ್ಲಾಗಲಿ ಒಂದು ಸುಕ್ಕು ಸಹಿಸದ ಅವನಿಗೆ ಮಕ್ಕಳಿಟ್ಟ ಹೆಸರು ಇಸ್ತ್ರಿ. ಮಳೆ ನಿಂತ ಮೇಲೆ ಹುಲ್ಲಿನ ನಡುವೆ ಅಗಲ ಎಲೆಯ ಕಳೆ ಎದ್ದಿತ್ತು. ಮುಂದಿನ ವಾರ ಯಾರೋ ದೊಡ್ಡವರು ಬರುವವರಿದ್ದರು.

"ಕೈಯಲ್ಲೇ ಕೀಳ್ತೀನಿ ಸಾರ್. ಐದು ದಿನ ಕೊಡಿ."

"ನೀನಲ್ಲಿ ಕುಕ್ಕರುಗಾಲಲ್ಲಿ ಕೂತಿರೋದನ್ನ ಅವರು ಬಂದು ನೋಡ್ಬೇಕಾ? ಔಷಧಿ ತರಿಸಿದ್ದೀನಿ, ಹೊಡಿ."

ಹೊಡೆದ. ಹುಲ್ಲು ಉಳಿದು ಕಳೆ ಮಾತ್ರ ಸಾಯುವ ಔಷಧಿ. ನಾಲ್ಕು ದಿನ ಬಿಟ್ಟು ಯಂತ್ರ ತಳ್ಳಿ ಹುಲ್ಲು ಕತ್ತರಿಸಿದ. ಪ್ರತಿವರ್ಷದಂತೆ ಆ ಹುಲ್ಲನ್ನೇ, ತೇವ ಆರದಿರಲೆಂದು, ಮಕ್ಕಳ ಗಿಡಗಳ ಬುಡಕ್ಕೆ ಹೊದಿಸಿದ. ಅಕ್ಕನ ಮಗಳ ಪಾತಿಗೆ ಒಂದು ಬುಟ್ಟಿ ಹೆಚ್ಚಿಗೆ. ಹನ್ನೆರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಕೈ ತಲೆಯನ್ನು ಕೇಳಲಿಲ್ಲ.

ವಾರದೊಳಗೆ ಎಲ್ಲ ಪಾತಿಗಳೂ ಸೊರಗಿದವು. ಮೊದಲು ಸತ್ತದ್ದು ಬೀನ್ಸ್.

"ಇವಳು ನೀರು ಸುರಿದೂ ಸುರಿದೂ ಸಾಯಿಸಿದ್ಲು. ನಮ್ ಪಾತಿಗೂ ಹರೀತು," ಅಂದರು ಮಕ್ಕಳು.

ಮಾಲಿ ಎಲೆ ಮಗುಚಿ ನೋಡಿದ. ಹುಳ ಇರಲಿಲ್ಲ. ಕುಡಿಗಳು ಸುರುಟಿ ತಿರುಚಿಕೊಂಡಿದ್ದವು, ಲಾನಿನ ಕಳೆ ಸಾಯುವಾಗ ತಿರುಚಿಕೊಂಡಂತೆಯೇ. ಬುಡದ ಹುಲ್ಲನ್ನು ಒಂದು ಹಿಡಿ ಎತ್ತಿಕೊಂಡು ಅವನು ನೇರ ಮ್ಯಾನೇಜರ್ ಕೋಣೆಗೆ ಹೋದ.

"ರೋಗ ಬಂತು ಅಂತ ಹೇಳು," ಅಂದ ಇಸ್ತ್ರಿ. "ಔಷಧಿ ಅಂದ್ರೆ ಅಪ್ಪ ಅಮ್ಮಂದಿರು ಬಂದು ನನ್ನ ತಲೆ ತಿಂತಾರೆ. ಆಮೇಲೆ ನಿನ್ನ ಕೆಲಸ ಇರಲ್ಲ, ನೋಡ್ಕೋ."

ರಾತ್ರಿ ಮನೆಯಲ್ಲಿ ಮಾಲಿ ಅನ್ನ ಬಡಿಸಿದ. ತಟ್ಟೆಯ ಮುಂದೆ ಕೂತ ಹುಡುಗಿಯೇ ಮಾತಾಡಿದಳು.

"ನೀರು ಜಾಸ್ತಿ ಹಾಕಿದ್ದು ನಿಜ ಮಾವ. ದಿನಾ ಎರಡು ಸಲ." ಅನ್ನ ಕಲಸುತ್ತಾ ಕೇಳಿದಳು, "ಅಮ್ಮಂಗೂ ನಾನೇ ಅಲ್ವಾ ನೀರು ಕುಡಿಸ್ತಿದ್ದಿದ್ದು?"

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. "ಅಮ್ಮ ಹೋಗಿದ್ದು ಕಾಯಿಲೆಯಿಂದ, ಪುಟ್ಟಿ. ಇದು ಹಾಳಾಗಿದ್ದು ನನ್ನಿಂದ," ಅಂದ. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಂಡಳು.

ಮರುದಿನ ಇಡೀ ಕ್ಲಾಸು ಪಾತಿಗಳ ಹತ್ತಿರ ಬಂದಾಗ ಅವನು ಎದುರು ನಿಂತ. ಜಗಲಿಯಲ್ಲಿ ಇಸ್ತ್ರಿ ಇದ್ದದ್ದು ಕಂಡಿತು. ಇರಲಿ ಬಿಡು.

"ಯಾರ ನೀರಿಂದಾನೂ ಅಲ್ಲ. ಲಾನಿಗೆ ಕಳೆ ಸಾಯೋ ವಿಷ ಹೊಡೆದೆ. ಆ ಹುಲ್ಲನ್ನೇ ತಂದು ಇಲ್ಲಿ ಹಾಕ್ದೆ. ಕೊಂದಿದ್ದು ನಾನು."

"ಗೊತ್ತಿದ್ದೂ ಹಾಕಿದ್ರಾ?" ಒಬ್ಬ ಕೇಳಿದ.

"ಗೊತ್ತಿತ್ತು. ನೆನಪಾಗ್ಲಿಲ್ಲ."

ಹುಡುಗಿ ಅವನ ಮುಖವನ್ನೇ ನೋಡಿದಳು. ಈ ಸಲ ನಂಬಿದ್ದಳು. ಆಮೇಲೆ ಮಣ್ಣಿನಲ್ಲಿ ಕೂತು ಬಳ್ಳಿಗಳನ್ನು ಒಂದೊಂದಾಗಿ ಕೀಳತೊಡಗಿದಳು. ಅವನು ಬಗ್ಗಿ ಕೈ ಚಾಚಿದ.

"ನೀನು ಮುಟ್ಬೇಡ ಮಾವ," ಅಂದಳು.

ಅವನು ಕೈ ಹಿಂದೆಗೆದುಕೊಂಡು, ಅವಳು ಕಿತ್ತು ಮುಗಿಸುವವರೆಗೂ ಅಲ್ಲೇ ನಿಂತಿದ್ದ.