ಬಾಗಿಲು ತೆಗೆದೇ ಇದೆ

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಮಾವನ ಕೈಯಲ್ಲಿ ಅಂದು ಎರಡು ಗಾಜು ಒಡೆದವು. ಮನಸ್ಸು ಕೆಲಸದಲ್ಲಿರಲಿಲ್ಲ. ಸಂಜೆ ಸೋದರಸೊಸೆ ಬರುವವಳಿದ್ದಳು, ತೀರಿಹೋದ ತಂಗಿಯ ಮಗಳು. ತಾಯಿ ಹೋದಾಗ ಅವಳಿನ್ನೂ ಅಂಬೆಗಾಲಿಕ್ಕುತ್ತಿದ್ದಳು. “ಅಮ್ಮನ ದನಿ ಹೇಗಿತ್ತು ಮಾವ?” ಎಂದು ಕೇಳಿದಾಗಲೆಲ್ಲ, ದೊಡ್ಡವಳಾಗಲಿ, ತಡೆದುಕೊಳ್ಳುವ ಶಕ್ತಿ ಬರಲಿ ಎಂದು ಮಾವ ಮುಂದೂಡುತ್ತ ಬಂದಿದ್ದ. ಆ ದನಿ ಉಳಿದದ್ದು ಒಂದೇ ಕಡೆ, ತಂಗಿಯ ಹಳೆಯ ಇಂಟರ್‌ನೆಟ್ ಪುಟದಲ್ಲಿ.

ಆ ಪುಟಗಳ ಕಾಲವೇ ಬೇರೆ. ಒಂದು ಕಂಪನಿ ಕೇಳಿದವರಿಗೆಲ್ಲ ಅಂಗೈಯಗಲ ಜಾಗ ಕೊಡುತ್ತಿತ್ತು. ಪುಟಗಳನ್ನು ಬೀದಿ ಬೀದಿಯಾಗಿ ಜೋಡಿಸಿ ಪ್ರತಿಯೊಂದಕ್ಕೂ ಮನೆ ನಂಬರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಜನ ಮುಗಿಬಿದ್ದರು. ಒಬ್ಬ ಬೆಕ್ಕಿನ ಫೋಟೊ ಹಾಕಿದ, ಇನ್ನೊಬ್ಬ ಕವಿತೆ ಹಾಕಿದ, ಮತ್ತೊಬ್ಬ “ಕೆಲಸ ನಡೆಯುತ್ತಿದೆ” ಎಂದು ಬೋರ್ಡು ನೆಟ್ಟು ನಾಪತ್ತೆಯಾದ. ಹೊಸಬರಿಗೆ ಕಲಿಸಲು ಬೀದಿಗೊಬ್ಬ ಹಿರಿಯ. ಸಂಬಳವಿಲ್ಲದ ಆ ಕೆಲಸಕ್ಕೆ ಮಾವ ತಾನಾಗಿ ಕೊರಳೊಡ್ಡಿದ.

“ಏನ್ ಬೀದಿಯಜಮಾನ್ರೇ, ಊರಿಗೆ ಉಪಕಾರಿ, ಮನೆಗೆ ಮಾರಿ! ನನ್ ಪುಟಕ್ಕೆ ಯಾವಾಗಣ್ಣ ಕೈ ಹಾಕೋದು?” ಎಂದು ತಂಗಿ ಆಡಿಕೊಂಡಳು. ಕೊನೆಗೂ ಕೈ ಹಾಕಿದ. ಪುಟ ತೆರೆದವರಿಗೆಲ್ಲ ಅವಳದೇ ದನಿ ಕೇಳುತ್ತಿತ್ತು: “ಯಾರದು? ಬಾಗ್ಲು ತೆಗ್ದೇ ಇದೆ, ಬನ್ನಿ ಒಳಗೆ!”

ಆಮೇಲೆ ಕಂಪನಿ ಕೈ ಬದಲಾಯಿತು. ಜಾಹೀರಾತುಗಳು ಮುಖಕ್ಕೆ ರಾಚತೊಡಗಿದವು. ಬೀದಿಗಳ ಹೆಸರು ಅಳಿಸಿದರು. ಮನೆ ಕಟ್ಟುವ ಗೋಜೇ ಇಲ್ಲದ ಹೊಸ ತಾಣಗಳು ಬಂದವು, ಜನ ಒಬ್ಬೊಬ್ಬರಾಗಿ ಕಾಲ್ಕಿತ್ತರು. ಯಾರೂ ಇಲ್ಲದ ಬೀದಿಯಲ್ಲಿ ಮಾವನೊಬ್ಬನೇ ಸುತ್ತುತ್ತಿದ್ದ, ಅಷ್ಟರಲ್ಲಿ ತೀರಿಹೋಗಿದ್ದ ತಂಗಿಯ ಬಾಗಿಲಿಗೆ ಹೋಗಿ ಬರುತ್ತಿದ್ದ. ಒಂದು ದಿನ ಎಲ್ಲವನ್ನೂ ಮುಚ್ಚುತ್ತೇವೆ ಎಂಬ ಪ್ರಕಟಣೆಯೂ ಬಂತು.

ಗಡುವಿನೊಳಗೆ ಮಾವ ತಂಗಿಯ ಪುಟವನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ತೆರೆದು ನೋಡಿದ. ಬರಹ ಇತ್ತು, ಚಿತ್ರ ಇತ್ತು, ದನಿಯೂ ಕೇಳಿತು. ಬೀದಿಯವರ ಪುಟಗಳನ್ನೂ ಇಳಿಸಿ ಅವರವರಿಗೆ ಕಳಿಸಿದ. ಉಳಿದದ್ದು ತನ್ನದು. ಅದರಲ್ಲೇನಿದೆ ಮಣ್ಣು! ಅವನಿಗೆ ಸಾಕಾಗಿಹೋಗಿತ್ತು. ಹೋದರೆ ಹೋಗಲಿ ಎಂದು ಬಿಟ್ಟ.

ಅದಾಗಿ ಕೆಲವು ವರ್ಷಗಳ ಮೇಲೆ, ಗಾಜು ಒಡೆದ ಆ ದಿನ ಸಂಜೆ, ಸೊಸೆ ಬಂದು ಸ್ಟೂಲಿನ ಮೇಲೆ ಕೂತಳು. ಮಾವ ಪುಟ ತೆರೆದ. ಹಳದಿ ಹೂವಿನ ಅಂಚು ಬಂತು, ತಂಗಿಯ ಹೆಸರು ಬಂತು. ದನಿ ಬರಲಿಲ್ಲ. ಸ್ಪೀಕರಿನ ವೈರು ಕಿತ್ತು ಮತ್ತೆ ಚುಚ್ಚಿದ. ಆಗಲೂ ಇಲ್ಲ.

ಪುಟದ ಹಿಂದಿನ ಕೋಡ್ ಸಾಲುಗಳನ್ನು ಬಿಚ್ಚಿ ನೋಡಿದ. ದನಿಯ ವಿಳಾಸ ಇರಬೇಕಾದಲ್ಲಿ ತನ್ನದೇ ಮನೆ ನಂಬರು. ತಂಗಿಯ ಪಾಲಿನ ಜಾಗ ತುಂಬಿಹೋದಾಗ, ಬೀದಿಯಲ್ಲಿ ಎಲ್ಲರೂ ಮಾಡುವಂತೆ, ಅವಳ ದನಿಯನ್ನು ತನ್ನ ಪುಟದಲ್ಲಿಟ್ಟು ಅಲ್ಲಿಂದ ಅವಳ ಪುಟಕ್ಕೆ ಕೊಂಡಿ ಹಾಕಿದ್ದ. ಇಳಿಸಿಕೊಂಡ ದಿನ ಕೇಳಿದ್ದೂ ಅಲ್ಲಿಂದಲೇ, ಆಗಿನ್ನೂ ಬದುಕಿದ್ದ ತನ್ನ ಮನೆಯಿಂದ. ಊರವರದೆಲ್ಲ ಉಳಿಸಿದವನು ಅದೊಂದನ್ನೇ ಬಿಟ್ಟಿದ್ದ.

“ಏನಾಯ್ತು ಮಾವ?”

“ಹೋಯ್ತಮ್ಮ. ದನಿ ನನ್ ಪುಟದಲ್ಲಿತ್ತು. ಅದನ್ನ ನಾನು ಉಳಿಸ್ಕೊಳ್ಳಲೇ ಇಲ್ಲ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಮಾವನಿಗೆ ಹಗುರಾಗುತ್ತಿತ್ತು.

“ಹೇಗೆ ಹೇಳ್ತಿದ್ಳೋ ಹಾಗೇ ನೀನೇ ಹೇಳು,” ಎಂದಳು.

ಮಾವ ಗಂಟಲು ಸರಿಮಾಡಿಕೊಂಡ. “ಯಾರದು?” ಎಂದ, ತಂಗಿ ಎಳೆಯುತ್ತಿದ್ದ ಹಾಗೆ ಕೊನೆಯಲ್ಲಿ ಎಳೆದು. ಅವನ ಗಡಸು ದನಿಗೆ ಅದು ಚೂರೂ ಒಪ್ಪಲಿಲ್ಲ.

ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. “ನಾನಮ್ಮ, ನಿನ್ನ ಮಗಳು,” ಎಂದಳು.

“ಬಾಗ್ಲು ತೆಗ್ದೇ ಇದೆ,” ಎಂದ ಮಾವ, “ಬನ್ನಿ ಒಳಗೆ!”